ದೂರದ ಮಷೀನಿಗೆ ಕೆಲಸಾ ಹಚ್ಚೂ ಕಥಿ



ಹೋದ ಸಲ ಇದ್ದಲಿ ಇಸ್ತ್ರಿ ಪೆಟಗಿ ಇತಿಹಾಸ ಬರದಿದ್ದೆ. ಓದಿ ಫೋನ್ ಮಾಡಿದವರಿಗೆ ಭಾಳ ಥ್ಯಾಂಕ್ಸು. ಈ ಸಲದ ವಿಷಯ ಅಡಿಗಿಮನೀದಲ್ಲ, ಆದ್ರ ಈಗ ಎಷ್ಟೋ ಮನ್ಯಾಗ ಬಂದು ಕೂತದ. ಮಗಾನೋ, ಸೊಸಿನೋ, ಅಳಿಯಾನೋ ಲ್ಯಾಪ್‌ಟಾಪ್‌ನ್ಯಾಗ ಒಂದು ಕರೀ ಪರದೆ ತಗದು, ನಾಕು ಸಾಲು ಟೈಪ್ ಮಾಡಿ, ಆಮ್ಯಾಲೆ ಗಲ್ಲಕ್ಕ ಕೈ ಹಚ್ಚಿ ನೋಡ್ಕೋತ ಕೂತಿರ್ತಾರಲ್ಲಾ, ಅದು. "ಏನೂ ಮಾಡಂಗಿಲ್ಲ, ಸುಮ್ಮ ಕೂತಿರ್ತಾಳ, ಅಷ್ಟರಾಗ ನಾಕು ಭಕ್ರಿ ಬಡೀಬಹುದಿತ್ತು" ಅನ್ನೂ ಮಾತು ಓಣ್ಯಾಗ ನಾ ಕೇಳೀನಿ. ನನ್ನ ಸೊಸೀದೂ ಇದ ಕೆಲಸ. ನಾ ಪಿಯುಸಿ ತನಕ ಓದಿದಾಕಿ, ಕಂಪ್ಯೂಟರ್ ಕಲತಾಕಿ ಅಲ್ಲ. ಆದ್ರ ಆಕಿನ್ನ ಕೇಳಿ, ಒಂದಿಷ್ಟು ಓದಿ, ಆ ನಾಕು ಸಾಲಿನ ಹಿಂದಿನ ಇತಿಹಾಸ ತಿಳ್ಕೊಂಡೀನಿ. ಐವತ್ತು ವರ್ಷದ ಇತಿಹಾಸ ಅದರೀ ಅದು.

ಆಕಿ ಟೈಪ್ ಮಾಡೂ ಸಾಲು ನಮ್ಮ ಲ್ಯಾಪ್‌ಟಾಪ್‌ಗೆ ಹೇಳಿದ್ದಲ್ಲ. ಬ್ಯಾರೆ ದೇಶದಾಗ, ಕೀಲಿ ಹಾಕಿದ ತಂಪು ಖೋಲ್ಯಾಗ ಒಂದು ಮಷೀನು ಅದ. ಹೇಳೂದು ಅದಕ್ಕ, ಕೆಲಸಾ ಮಾಡೂದೂ ಅದ. ಇಲ್ಲಿಂದ ಅಲ್ಲೀ ತನಕ ಹೋಗೂ ದಾರಿಗೆ ಎಸ್‌ಎಸ್‌ಎಚ್ ಅಂತಾರ, ಸೆಕ್ಯೂರ್ ಶೆಲ್. ಮಷೀನಿಗೆ ಮೊದ್ಲಿನ ಹೆಸರು ಎಎಸ್/400. ಎರಡಕ್ಕೂ ಬ್ಯಾರೆ ಬ್ಯಾರೆ ಜಾತಕ ಅವ, ಆಮ್ಯಾಲೆ ಒಂದ ಕಡೆ ಕೂಡ್ಯಾವ.

ಮೊದ್ಲು ಮಷೀನಿನ ಕಥಿ. ಬ್ಯಾಂಕಿನವರು, ಸರಕಾರದವರು ಇಟ್ಟುಕೊಳ್ಳೂ ಮೇನ್‌ಫ್ರೇಮ್ ಅಂದ್ರ ಮದುವಿಮನಿ ಹಂಡೆ. ನಮ್ಮ ಟೇಬಲ್ ಮ್ಯಾಲಿನ ಪಿಸಿ ಅಂದ್ರ ಮೂರು ಲೀಟರಿನ ಕುಕ್ಕರ್. ಇವೆರಡರ ನಡುವ, ಹಬ್ಬಕ್ಕ ಮೂವತ್ತು ಮಂದಿಗೆ ಸಾರು ಮಾಡೂ ಬೋಗಾಣಿ ಇರ್ತದಲ್ಲಾ, ಅಂಥಾದ್ದಕ್ಕ ಮಿಡ್‌ರೇಂಜ್ ಅಂತಾರ. ಕಾರಖಾನಿ, ಹೋಲ್‌ಸೇಲ್ ವ್ಯಾಪಾರಿ, ಲಾರಿ ಕಂಪನಿ, ಸಣ್ಣ ಬ್ಯಾಂಕು ಇಂಥವರಿಗೆ ಬೇಕಾಗಿದ್ದು ಅದು. ಅಮೇರಿಕಾದ ಮಿನೆಸೋಟಾ ರಾಜ್ಯದಾಗ ರಾಚೆಸ್ಟರ್ ಅಂತ ಊರು, ಮೇಯೋ ಕ್ಲಿನಿಕ್ ದವಾಖಾನಿ ಇರೋದು ಅಲ್ಲೇ. ಅಲ್ಲಿಯ ಐಬಿಎಂ ಕಂಪನಿಯವರು 1978ರಾಗ ಸಿಸ್ಟಮ್/38 ಅಂತ ಒಂದು ಮಾಡಿದ್ರು, 1983ರಾಗ ಸಿಸ್ಟಮ್/36 ಅಂತ ಇನ್ನೊಂದು. ಒಂದರ ಪ್ರೋಗ್ರಾಂ ಇನ್ನೊಂದರಾಗ ನಡೀತಿದ್ದಿಲ್ಲ. ಒಂದ ಮನ್ಯಾಗ ಇಬ್ಬರು ನೆಗೆಣ್ಣಿಯರು, ಎರಡು ಒಲಿ, ಎರಡು ಥರದ ಸಾರು ಅನ್ನೂಹಂಗ. ಎರಡನ್ನೂ ಕೂಡಿಸಿ ಒಂದು ಮಾಡೂ ಕೆಲಸಕ್ಕ ಕಂಪನಿಯೊಳಗ ಸಿಲ್ವರ್‌ಲೇಕ್ ಅಂತ ಗುಟ್ಟಿನ ಹೆಸರು ಇಟ್ಟಿದ್ರು. ಆ ಊರಾಗಿನ ಕೆರೀ ಹೆಸರದು. ಕೆರೀ ದಂಡಿಗೆ ಇದ್ದ ಕರೆಂಟ್ ಕಾರಖಾನಿಯಿಂದ ನೀರು ಬೆಚ್ಚಗ ಇರ್ತಿತ್ತಂತ, ಹಿಂಗಾಗಿ ಛಳಿಗಾಲದಾಗ ದಕ್ಷಿಣಕ್ಕ ಹಾರಿ ಹೋಗಬೇಕಾದ ಬಾತುಕೋಳಿ ಜಾತಿಯ ಹಕ್ಕಿಗಳೆಲ್ಲಾ ಅಲ್ಲೇ ಠಿಕಾಣಿ ಹೂಡತಿದ್ವಂತ. ಕಂಪ್ಯೂಟರಿಗೆ ಸಂಬಂಧ ಇಲ್ಲ, ಓದಿ ಛಲೋ ಅನಸ್ತು, ಬರದೆ.

1988 ಜೂನ್ ತಿಂಗಳದಾಗ ಎಎಸ್/400 ಹೊರಗ ಬಂತು. ಬಂದ ದಿನಾನ ಅದರ ಜೋಡಿ ಸಾವಿರಕ್ಕೂ ಹೆಚ್ಚು ಸಾಫ್ಟ್‌ವೇರ್ ತಯಾರ ಇದ್ವು. ಬಟ್ಟಲಾ, ಸೌಟು, ಲಟ್ಟಣಿಗಿ ಸಮೇತ ಒಲಿ ಮಾರಿದ್ಹಂಗ. ಲೆಕ್ಕಾಪತ್ರ ಇಡೂ ಡೇಟಾಬೇಸ್ ಅದರ ಹೊಟ್ಟ್ಯಾಗ ಇತ್ತು, ಬ್ಯಾರೆ ಕೊಳ್ಳೂದು ಬ್ಯಾಡಾಗಿತ್ತು. ಇನ್ನೊಂದು ಗುಣ ಇತ್ತು, ನನಗ ಎಲ್ಲಾಕ್ಕಿಂತ ಹಿಡಿಸಿದ್ದು ಅದು. ಫ್ರಾಂಕ್ ಸೋಲ್ಟಿಸ್ ಅನ್ನೂ ಎಂಜಿನಿಯರು ಮತ್ತ ಅವರ ಮಂದಿ ಸಿಸ್ಟಮ್/38ರ ಕಾಲಕ್ಕನ ಒಂದು ವಿಚಾರ ಮಾಡಿದ್ರು. ಪ್ರೋಗ್ರಾಂ ಮತ್ತ ಮಷೀನಿನ ಕಬ್ಬಿಣ ಇವೆರಡೂ ನೇರ ಮಾತಾಡಬಾರದು, ನಡುವ ಒಂದು ಪದರ ಇರಬೇಕು ಅಂತ. 1995ರಾಗ ಮಷೀನಿನ ಒಳಗಿನ ಪ್ರೊಸೆಸರನ್ನ ಪೂರಾ ಕಿತ್ತು 48 ಬಿಟ್ಟಿನಿಂದ 64 ಬಿಟ್ಟಿನ ಹೊಸಾ ಜಾತಿಯದು ಹಾಕಿದಾಗ, ಹಳೇ ಪ್ರೋಗ್ರಾಂಗಳನ್ನ ಮತ್ತ ಬರೀಲಾರದನ ದಾಟಿಸಲಿಕ್ಕೆ ಬಂತು. ಮನಿ ಪಾಯಾ ಬದಲ ಮಾಡ್ಯಾರ, ಒಳಗ ಕೂತವರ ಚಹಾದ ಕಪ್ಪು ಅಲುಗಿಲ್ಲ. ಹಿಂಗಾಗೇ ಮೂವತ್ತು ನಲವತ್ತು ವರ್ಷದ ಹಿಂದ ಬರದ ಲೆಕ್ಕದ ಪ್ರೋಗ್ರಾಂ ಇವತ್ತಿಗೂ ಅಲ್ಲಿ ನಡೀತಾವ, ಅವನ್ನ ನೋಡ್ಕೊಳ್ಳಾಕ ನಮ್ಮ ಹುಡುಗ್ಯಾರು ಬೇಕಾಗ್ಯಾರ.

ಹೆಸರಿಂದು ಮಾತ್ರ ಕೇಳಬ್ಯಾಡ್ರಿ. ನಮ್ಮ ಕಡೆ ಮದುವ್ಯಾಗ ಅಕ್ಕಿಯೊಳಗ ಉಂಗುರದಿಂದ ಹೊಸಾ ಹೆಸರು ಬರದು, ತವರಿನ ಹೆಸರು ಅಳಸಿಬಿಡ್ತಿದ್ರಲ್ಲಾ, ಇದಕ್ಕ ಅಂಥಾ ಮದುವಿ ಮೂರು ಸಲ ಆಗ್ಯಾವ. 2000ದಾಗ ಐಸೀರೀಸ್ ಅಂದ್ರು, 2006ರಾಗ ಸಿಸ್ಟಮ್ ಐ ಅಂದ್ರು, 2008ರಿಂದ ಅದರಾಗಿನ ಆಪರೇಟಿಂಗ್ ಸಿಸ್ಟಮ್ಮಿಗೆ ಬರೇ ಐಬಿಎಂ ಐ. ಕೆಲಸಾ ಮಾಡೂ ಮಂದಿ ಮಾತ್ರ ಇನ್ನೂ ಎಎಸ್/400 ಅಂತನ ಕರೀತಾರ. ತವರಿನ ಹೆಸರು ಹಂಗ ಹೋಗಂಗಿಲ್ರೀ.

ಈಗ ದಾರಿ ಕಥಿ. ಮೊದ್ಲಿಗೆ ಮಷೀನು ಇರೋ ಕಟ್ಟಡದಾಗನ ಹಸಿರು ಅಕ್ಷರದ ಪರದೆ ಇಟ್ಟು, ವಾಯರ್ ಹಚ್ಚಿ ಕೆಲಸಾ ಮಾಡ್ತಿದ್ರು. ಆ ಪರದೆಗೆ 5250 ಅಂತ ನಂಬರು. ಮನಿಯೊಳಗಿನ ಮಾತು ಮನಿಯೊಳಗ ಇರ್ತಿತ್ತು. ದೂರದಿಂದ ಮಾಡಬೇಕಂದ್ರ ಬ್ಯಾರೆ ಉಪಾಯ ಬೇಕಾಗಿತ್ತು. 1969ರಾಗ ಅಮೇರಿಕಾದಾಗ ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೂದು ಶುರು ಆದಾಗನ ಟೆಲ್ನೆಟ್ ಅನ್ನೂ ಪದ್ಧತಿ ಹುಟ್ಟಿತ್ತು, 1983ರಾಗ ಅದಕ್ಕ ಕಾಯಂ ನಿಯಮ ಬರದ್ರು. ಇಲ್ಲಿ ಕೂತು ಟೈಪ್ ಮಾಡಿದ್ದು ಅಲ್ಲಿಯ ಮಷೀನಿಗೆ ಮುಟ್ಟತಿತ್ತು. ಭಾಳ ಛಲೋ. ಆದ್ರ ಅದು ಪೋಸ್ಟ್ ಕಾರ್ಡು ಇದ್ದಂಗ. ನಿಮ್ಮ ಹೆಸರು, ನಿಮ್ಮ ಪಾಸ್‌ವರ್ಡು ಎಲ್ಲಾ ಬಿಚ್ಚಿದ ಅಕ್ಷರದಾಗ ಹೋಗ್ತಿದ್ವು. ದಾರ್ಯಾಗ ಯಾರ ಕೈಗೆ ಸಿಕ್ಕರೂ ಓದಬಹುದು. ನಮ್ಮ ಸಣ್ಣವರಿದ್ದಾಗ ಪೋಸ್ಟ್‌ಮನ್ನು "ಅಕ್ಕಾರ, ನಿಮ್ಮ ಮಗಳಿಗೆ ಗಂಡು ಮಗಾ ಆಗ್ಯಾನ, ಪೇಢಾ ಕೊಡ್ರಿ" ಅಂತ ಕಾರ್ಡು ಕೈಯಾಗ ಹಿಡಕೊಂಡ ಬರ್ತಿದ್ದ. ಶುಭ ಸುದ್ದಿ ಇದ್ರ ನಡೀತದ. ಬ್ಯಾಂಕಿನ ಕೀಲಿಕೈ ಕಾರ್ಡಿನ ಮ್ಯಾಲೆ ಬರದು ಕಳಸಿದ್ರ?

ಯಾಕ ಇಷ್ಟು ವರ್ಷ ಯಾರೂ ಇದರ ಬಗ್ಗೆ ಚಿಂತಿ ಮಾಡಲಿಲ್ಲ ಅಂದ್ರ, ಆಗ ಆ ಜಾಲದಾಗ ಇದ್ದವರು ಬರೇ ಯುನಿವರ್ಸಿಟಿ ಮಂದಿ, ಸಂಶೋಧನಾ ಮಾಡವರು. ಒಬ್ಬರಿಗೊಬ್ಬರು ಪರಿಚಯ. ಸಣ್ಣ ಊರಾಗ ಹಗಲಹೊತ್ತು ಬಾಗಲಾ ಹಾಕ್ತಿದ್ದಿಲ್ಲಲ್ಲಾ, ಹಂಗ. 1990ರ ಈಚೆ ಊರು ಬೆಳೀತು, ಗುರುತಿಲ್ಲದವರೆಲ್ಲಾ ಬಂದ್ರು, ಬಾಗಲಾ ಮಾತ್ರ ತಗದ ಇತ್ತು.

1995ರಾಗ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದೊಳಗ ಕಳ್ಳ ಹೊಕ್ಕಿದ್ದು ಗೊತ್ತಾತು. ಯಾರೋ ಒಂದು ಸಣ್ಣ ಪ್ರೋಗ್ರಾಂ ಅಡಗಿಸಿ ಇಟ್ಟಿದ್ರು. ಹಾದು ಹೋಗೂ ಎಲ್ಲಾ ಪಾಸ್‌ವರ್ಡನ್ನ ಅದು ಕೂತು ಬರಕೋತಿತ್ತು. ಸಾವಿರಗಟ್ಟಲೆ ಹೆಸರು, ಪಾಸ್‌ವರ್ಡು ಕೂಡಿಬಿದ್ದಿದ್ವು. ಅಲ್ಲಿ ಟಾಟು ಯುಲೋನೆನ್ ಅಂತ ಒಬ್ಬ ಸಂಶೋಧಕ ಇದ್ದ. ಅವನ ಕಂಪನಿಯ ಪಾಸ್‌ವರ್ಡೂ ಅದರಾಗ ಇದ್ವು. ಅವಾ ಅದ ವರ್ಷ ಕೆಲ ತಿಂಗಳದಾಗ ಕೂತು ಸೆಕ್ಯೂರ್ ಶೆಲ್ ಬರದ. ಪೋಸ್ಟ್ ಕಾರ್ಡು ಬಿಟ್ಟು ಅಂಟು ಹಚ್ಚಿದ ಇನ್‌ಲ್ಯಾಂಡ್ ಲೆಟರು ಅನ್ನೂಹಂಗ. ಆದ್ರ ಒಳಗಿನ ಅಕ್ಷರಾನೂ ಕಲಸಿ ಇಡೂದು, ಒಡದು ನೋಡಿದ್ರೂ ತಿಳೀಬಾರದು.

ಇಲ್ಲೊಂದು ಛಂದದ ಪ್ರಸಂಗ ಅದ. ಕಂಪ್ಯೂಟರಿನಾಗ ಒಂದೊಂದು ಕೆಲಸಕ್ಕ ಒಂದೊಂದು ನಂಬರಿನ ಬಾಗಲಾ ಇರ್ತದಂತ, ಪೋರ್ಟ್ ಅಂತಾರ. ಫೈಲು ಕಳಸೂ ಎಫ್‌ಟಿಪಿಗೆ 21, ಟೆಲ್ನೆಟ್ಟಿಗೆ 23. ಇವೆರಡರ ಬದ್ಲಿಗೇ ತನ್ನದು ಬರಬೇಕು ಅಂತ ಅವನ ಆಶಾ. ನೋಡ್ತಾನ, ನಡುವಿನ 22 ಖಾಲಿ ಅದ! ನಂಬರು ಹಂಚೂ ಕೆಲಸಾ ಅಮೇರಿಕಾದಾಗ ಜಾನ್ ಪೋಸ್ಟೆಲ್ ಮತ್ತ ಜಾಯ್ಸ್ ರೆನಾಲ್ಡ್ಸ್ ಅನ್ನೂ ಇಬ್ಬರು ಮಾಡ್ತಿದ್ರು. 1995 ಜುಲೈ 10ಕ್ಕ ಇಮೇಲ್ ಬರದ. ಮರುದಿನ ಮುಂಜಾನಿ ಜಾಯ್ಸ್ ಬಾಯಿಯವರದು ಉತ್ತರ ಬಂದಿತ್ತು, 22 ನಿನಗ ಕೊಟ್ಟೀವಿ ಅಂತ. ಅರ್ಜಿ ಇಲ್ಲ, ಠಸ್ಸೆ ಇಲ್ಲ, ನಾಳೆ ಬಾ ಅನ್ನಲಿಲ್ಲ. ನಮ್ಮಲ್ಲಿ ರೇಷನ್ ಕಾರ್ಡಿನಾಗ ಒಂದು ಹೆಸರು ಸೇರಸಾಕ ಎಷ್ಟು ಓಡಾಟ ಅಂತ ನಿಮಗ ಹೇಳೂದು ಬ್ಯಾಡ. ವರ್ಷ ಮುಗಿಯೂದರಾಗ 50 ದೇಶದಾಗ 20,000 ಮಂದಿ ಅದನ್ನ ಬಳಸತಿದ್ರು.

ಕೀಲಿ ಹೆಂಗ ಕೆಲಸಾ ಮಾಡ್ತದ ಅನ್ನೂದನ್ನ ಸೊಸಿ ಒಮ್ಮೆ ಹಿಂಗ ತಿಳಿಸಿದ್ಲು. ಒತ್ತಿದ್ರ ತಾನ ಬೀಳೂ ಕೀಲಿ ಇರ್ತಾವ ನೋಡ್ರಿ, ಹಾಕಲಿಕ್ಕೆ ಕೀಲಿಕೈ ಬೇಕಾಗಿಲ್ಲ, ತಗೀಲಿಕ್ಕೆ ಮಾತ್ರ ಬೇಕು. ಅಂಥಾ ಕೀಲಿಯನ್ನ ಬೇಕಾದವರಿಗೆ ಹಂಚಬಹುದು, ಕೀಲಿಕೈ ಒಂದು ನಿನ್ನ ಸೆರಗಿನ ಗಂಟಿನ್ಯಾಗ ಇದ್ರ ಆತು. ಮುಚ್ಚೂದಕ್ಕ ಒಂದು, ತಗಿಯೂದಕ್ಕ ಇನ್ನೊಂದು ಅನ್ನೂ ಈ ವಿಚಾರ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್ಮನ್ ಇಬ್ಬರೂ 1976ರಾಗ ಅಚ್ಚು ಹಾಕಿಸಿದ್ದು. ಈಗ ಸೊಸಿ ತನ್ನ ಕೀಲಿಯನ್ನ ದೂರದ ಮಷೀನಿನ್ಯಾಗ ಇಟ್ಟಾಳ, ಕೀಲಿಕೈ ತನ್ನ ಲ್ಯಾಪ್‌ಟಾಪ್‌ನ್ಯಾಗ. ಪಾಸ್‌ವರ್ಡ್ ದಾರಿ ಮ್ಯಾಲೆ ಹೋಗೂದ ಇಲ್ಲ. ಮೊದ್ಲ ಸಲ ಹೊಸಾ ಮಷೀನಿಗೆ ಹೋದಾಗ ಪರದೆ ಮ್ಯಾಲೆ, ಇದು ಖರೇನ ಅದ ಮಷೀನು ಅಂತ ಹೇಳಾಕ ಬರೂದಿಲ್ಲ, ಅದರ ಬೆರಳಚ್ಚು ಇದು, ಮುಂದ ಹೋಗಲೇನು ಅಂತ ಪ್ರಶ್ನಿ ಬರ್ತದ. ಅರ್ಧಾ ಮಂದಿ ನೋಡಲಾರದ ಹೂಂ ಅಂತಾರಂತ. ಕಿಂಡಿಯಿಂದ ಮಾರಿ ನೋಡದ "ಯಾರು? ನಾನ" ಅಂದ್ರ ಬಾಗಲಾ ತಗದಂಗ ಅದು, ನನಗೇನೂ ಸೇರಂಗಿಲ್ಲ.

ಯುಲೋನೆನ್ ಮೊದ್ಲು ಅದನ್ನ ಪುಕ್ಕಟೆ ಬಿಟ್ಟ, ಆಮ್ಯಾಲೆ ಅದ ವರ್ಷದ ಕೊನಿಗೆ ಕಂಪನಿ ಮಾಡಿದ, ಕರಾರು ಬಿಗಿ ಆಗ್ಕೋತ ಹೋದ್ವು. ಆಗ ಸ್ವೀಡನ್ನಿನ ಬ್ಯೋರ್ನ್ ಗ್ರೊನ್ವಾಲ್ ಅನ್ನವರು ಹಳೇ, ಮುಕ್ತ ಇದ್ದ ಪ್ರತಿಯನ್ನ ಹುಡುಕಿ ರಿಪೇರಿ ಮಾಡಿದ್ರು. ಅದನ್ನ ಕೆನಡಾದ ಥಿಯೋ ಡಿ ರಾಟ್ ಮತ್ತ ಓಪನ್‌ಬಿಎಸ್‌ಡಿ ಗುಂಪಿನವರು ತಗೊಂಡು 1999 ಡಿಸೆಂಬರಿನಾಗ ಓಪನ್‌ಎಸ್‌ಎಸ್‌ಎಚ್ ಅಂತ ಹಂಚಿದ್ರು. ಕೆನಡಾದಾಗ ಕೂತಿದ್ದು ಛಲೋನ ಆತು. ಆಗ ಅಮೇರಿಕಾದ ಕಾಯ್ದೆ ಗುಪ್ತಲಿಪಿಯನ್ನ ಹೊರದೇಶಕ್ಕ ಕಳಸೂದಕ್ಕ ಅಡ್ಡಾ ಹಾಕ್ತಿತ್ತು. ಇವತ್ತು ಲೋಕದಾಗ ಹೆಚ್ಚಿನ ಮಂದಿ ಬಳಸೂದು ಈ ಪುಕ್ಕಟೆ ಹಂಚಿದ್ದನ್ನ.

ಎಎಸ್/400ಕ್ಕ ಇದು ಹೆಂಗ ಬಂತು? ಆ ಮಷೀನು ತನ್ನ ಪಾಡಿಗೆ ತಾನು ಇದ್ದ ಮಡಿ ಮುದುಕಿ, ಅದರ ಭಾಷಾ ಬ್ಯಾರೆ, ರೂಢಿ ಬ್ಯಾರೆ. 2000ದ ಆಸುಪಾಸಿಗೆ ಅದರೊಳಗ ಪೇಸ್ ಅಂತ ಒಂದು ಖೋಲಿ ಕಟ್ಟಿದ್ರು. ಯುನಿಕ್ಸ್ ಅನ್ನೂ ಬ್ಯಾರೆ ಮನೆತನದ ಪ್ರೋಗ್ರಾಂ ಅಲ್ಲಿ ಬಂದು ಇಳಕೋಬಹುದು. ಓಪನ್‌ಎಸ್‌ಎಸ್‌ಎಚ್ ಇಳಕೊಂಡಿದ್ದು ಆ ಖೋಲ್ಯಾಗ. ಸೊಸಿ 22ನೇ ಬಾಗಲದಿಂದ ಮೊದ್ಲು ಅಲ್ಲಿಗೆ ಹೋಗಿ, "ಸಿಸ್ಟಮ್" ಅನ್ನೂ ಒಂದು ಶಬ್ದ ಬರದು, ಅದರ ಮುಂದ ಹಳೇ ಭಾಷಾದಾಗ ಅಪ್ಪಣಿ ಕೊಡ್ತಾಳ. ಖೋಲ್ಯಾಗಿನ ಹುಡುಗ ಒಳಗ ಹೋಗಿ ಅಜ್ಜಿಗೆ ಹೇಳಿ ಬಂದಂಗ.

ಇನ್ನ ಗಲ್ಲಕ್ಕ ಕೈ ಹಚ್ಚಿ ಕೂಡೂ ವಿಷಯ. ಹಿಟ್ಟಿನ ಗಿರಣಿ ನೆನಸ್ಕೋರಿ. ಎರಡು ರೀತಿ ಅವ. ನೀವ ನಿಂತು, ಕಣ್ಣ ಮುಂದ ಬೀಸಿಸಿಕೊಂಡು ಬರೂದು ಒಂದು. ಡಬ್ಬಿ ಮ್ಯಾಲೆ ಚೀಟಿ ಅಂಟಿಸಿ, "ಜ್ವಾಳ ಸಣ್ಣಗ ಹಾಕ್ರಿ, ಸಂಜಿಕಡೆ ಬರ್ತೀನಿ" ಅಂತ ಪಾಳಿಗೆ ಇಟ್ಟು ಬರೂದು ಇನ್ನೊಂದು. ಎರಡನೇದ್ದಕ್ಕ ಎಎಸ್/400ದಾಗ ಸಬ್ಮಿಟ್ ಜಾಬ್ ಅಂತಾರ. ಪಾಳಿಗೆ ಜಾಬ್ ಕ್ಯೂ. ಚೀಟಿ ಮ್ಯಾಲೆ ಆರು ಅಂಕಿಯ ನಂಬರು, ಇಟ್ಟವರ ಹೆಸರು, ಕೆಲಸದ ಹೆಸರು ಮೂರೂ ಇರ್ತಾವ, ಅದಲು ಬದಲು ಆಗಂಗಿಲ್ಲ. ರಾತ್ರಿ ಬಡ್ಡಿ ಲೆಕ್ಕ, ಪಗಾರದ ಲೆಕ್ಕ, ಬಿಲ್ಲು ಮುದ್ರಿಸೂದು ಎಲ್ಲಾ ಹಿಂಗ ನಡಿಯೂದು. ಪಾಳಿಗೆ ಇಟ್ಟ ಮ್ಯಾಲೆ ನಮ್ಮ ಮನ್ಯಾಗ ಕರೆಂಟ್ ಹೋದ್ರೂ ಚಿಂತಿಲ್ಲ, ಗಿರಣಿ ಅಲ್ಲಿ ನಡದಿರ್ತದ.

ಆದ್ರ ಪೇಸ್ ಖೋಲ್ಯಾಗ ನಿಂತುಕೊಂಡ ಕೆಲಸಾ ಹಚ್ಚಿದ್ರ ಹಂಗಲ್ಲ, ಸಂಪರ್ಕ ಕಡದ್ರ ಕೆಲಸಾನೂ ನಡುವ ನಿಂತೀತು. ಇದರ ಮೂಲ ಹಳೇದು. ಹಿಂದ ಟೆಲಿಫೋನ್ ವಾಯರ್ ಮ್ಯಾಲೆ ಯುನಿಕ್ಸ್ ಮಷೀನಿಗೆ ಹೋಗ್ತಿದ್ರಲ್ಲಾ, ಅವರು ಫೋನ್ ಇಟ್ಟುಬಿಟ್ರ ಮಷೀನು, ಮನಷ್ಯಾ ಹ್ವಾದ ಅಂತ ತಿಳದು ಅವನ ಕೆಲಸಾ ಎಲ್ಲಾ ಬಂದ್ ಮಾಡ್ತಿತ್ತು. ಆ ಸಂಜ್ಞಾಕ್ಕ ಹ್ಯಾಂಗ್ ಅಪ್ ಅಂತನ ಹೆಸರು, ಫೋನ್ ಇಡೂದು ಅಂತ ಅರ್ಥ. ಫೋನ್ ವಾಯರ್ ಹೋಗಿ ಎಷ್ಟೋ ವರ್ಷ ಆದ್ರೂ ಹೆಸರು ಉಳದದ. ನಾ ಹೋದ್ರೂ ನೀ ನಿಲ್ಲಸಬ್ಯಾಡ ಅಂತ ಹೇಳಾಕ ನೋಹಪ್ ಅಂತ ಒಂದು ಶಬ್ದ ಮುಂದ ಹಚ್ಚಿ ಬರೀತಾರ. ಅದನ್ನ ಬರೀದ ಬಿಟ್ಟ ದಿನಾನ ನಮ್ಮ ಓಣ್ಯಾಗ ಇಂಟರ್ನೆಟ್ ಹೋಗ್ತದ, ಅದು ನಿಯಮ.

ಗಿರಣಿಗೆ ಇಟ್ಟ ಮ್ಯಾಲೂ ಆರಾಮಿಲ್ಲ. ನಡುವ ಏನರ ಅಡಚಣಿ ಬಂದ್ರ ಎಎಸ್/400 ತಾನ ತಪ್ಪು ಸರಿ ನಿರ್ಧಾರ ಮಾಡಂಗಿಲ್ಲ. ಒಂದು ಪ್ರಶ್ನಿ ಬರದು, ಉತ್ತರ ಬರೂ ತನಕ ನಿಂತುಬಿಡ್ತದ. ಬಿಟ್ಟು ಮುಂದ ಹೋಗಲೇನು, ಮತ್ತೊಮ್ಮೆ ಮಾಡಲೇನು, ರದ್ದು ಮಾಡಲೇನು? ಒಂದ ಅಕ್ಷರದ ಉತ್ತರ. ಆದ್ರ ತಪ್ಪು ಅಕ್ಷರ ಒತ್ತಿದ್ರ ಅರ್ಧಾ ಗಿರಾಕಿಗಳಿಗೆ ಬಡ್ಡಿ ಎರಡು ಸಲ ಬಿದ್ದೀತು, ಇನ್ನರ್ಧಾ ಮಂದಿಗೆ ಬೀಳಲಿಕ್ಕಿಲ್ಲ. ಹಿಂದ ಎಂಟು ಕೆಲಸಾ ಪಾಳಿಯೊಳಗ ಕಾಯ್ತಿರ್ತಾವ. ರಾತ್ರಿ ಎರಡಕ್ಕ ಎದ್ದು ಕರೀ ಪರದೆ ಮುಂದ ಗಲ್ಲಕ್ಕ ಕೈ ಹಚ್ಚಿ ಕೂಡೂದು ಅಂದ್ರ ಇದು. ಆ ಒಂದು ಅಕ್ಷರ ಯಾವುದು ಅಂತ ವಿಚಾರ ಮಾಡೂದಕ್ಕ ಪಗಾರ. ಭಕ್ರಿ ನಾವ ಬಡದ್ರ ಆತು ಬಿಡ್ರಿ.

ಈ ಕೆಲಸಾ ನಮ್ಮ ಹುಡುಗ್ಯಾರ ತನಕ ಬಂದ ದಾರಿನೂ ಒಂದಿಷ್ಟು ಹೇಳ್ತೀನಿ. ಐಬಿಎಂ 1978ರಾಗ, ಸಿಸ್ಟಮ್/38 ಹುಟ್ಟಿದ ವರ್ಷಾನ, ಭಾರತ ಬಿಟ್ಟು ಹೋಗಿತ್ತು. ಪರದೇಶಿ ಕಂಪನಿಗಳು ಇಲ್ಲಿಯ ಮಂದಿಗೆ ಪಾಲು ಕೊಡಬೇಕು ಅಂತ ಕಾಯ್ದೆ, ಅವರು ಒಪ್ಪಲಿಲ್ಲ. 1985ರಾಗ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ಅಮೇರಿಕಾದ ಆಫೀಸಿನ ಜೋಡಿ ಸಂಪರ್ಕ ಮಾಡ್ಕೊಂತು. ಇಲ್ಲಿ ಕೂತು ಅಲ್ಲಿಯ ಕೆಲಸಾ ಮಾಡೂದಕ್ಕ ನಮ್ಮ ರಾಜ್ಯದಾಗ ಅದ ನಾಂದಿ. ಐಬಿಎಂ 1992ರಾಗ ಟಾಟಾದವರ ಜೋಡಿ ಕೂಡಿ ತಿರುಗಿ ಬಂತು. ಆಮ್ಯಾಲೆ 2000 ಇಸವಿಯ ಗದ್ದಲ. ವರ್ಷವನ್ನ ಎರಡ ಅಂಕಿಯೊಳಗ ಬರದಿದ್ದ ಹಳೇ ಪ್ರೋಗ್ರಾಂ ಎಲ್ಲಾ ತಿದ್ದಬೇಕಾತು, ಆ ಕೆಲಸಾ ರಾಶಿ ರಾಶಿ ಬೆಂಗಳೂರಿಗೆ ಬಂತು. 2020ರ ಕೊರೋನಾದಾಗ ಅದು ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಧಾರವಾಡ, ಗದಗಿನ ಮನಿಗಳ ನಡುಮನಿಗೆ ಬಂದು ಕೂತಿತು.

ಕೊನೀದು, 2024ರ ಮಾತು. ಆಂಡ್ರೆಸ್ ಫ್ರಾಯ್ಂಡ್ ಅಂತ ಮೈಕ್ರೋಸಾಫ್ಟಿನಾಗ ಕೆಲಸಾ ಮಾಡೂ ಎಂಜಿನಿಯರು, ತನ್ನ ಬ್ಯಾರೆ ಏನೋ ಪರೀಕ್ಷಾ ಮಾಡ್ಕೋತಿದ್ದಾಗ, ಎಸ್‌ಎಸ್‌ಎಚ್ ಒಳಗ ಹೋಗಲಿಕ್ಕೆ ರೂಢಿಗಿಂತ ಅರ್ಧಾ ಸೆಕೆಂಡ್ ತಡಾ ಆಗಾಕತ್ತದ ಅಂತ ಗಮನಿಸಿದ. ಅರ್ಧಾ ಸೆಕೆಂಡ್! ನಮಗ ಕುಕ್ಕರಿನ ಸೀಟಿ ದನಿ ಬದಲಾದ್ರ ವಾಶರ್ ಹೋಗೇದ ಅಂತ ಗೊತ್ತಾಗಂಗಿಲ್ಲೇನು, ಅದ ಕಿವಿ ಅದು. ಹುಡುಕ್ಕೋತ ಹೋದ್ರ, ಫೈಲು ಸಣ್ಣ ಮಾಡೂ ಎಕ್ಸ್‌ಜೆಡ್ ಅನ್ನೂ ಒಂದು ಸಾಮಾನಿನ ಒಳಗ ಕಳ್ಳ ಬಾಗಲಾ ಇತ್ತು. ಕೆಲವು ಲಿನಕ್ಸ್ ಮಷೀನಿನ್ಯಾಗ 22ನೇ ಬಾಗಲಾ ಕಾಯೂ ಪ್ರೋಗ್ರಾಂ ಆ ಸಾಮಾನನ್ನ ಒಳಗ ಕರಕೋತಿತ್ತು. ಗುಪ್ತ ಕೀಲಿಕೈ ಇದ್ದವನು ಅಲ್ಲಿ ಏನ ಬೇಕಾದ್ರೂ ಮಾಡಬಹುದಿತ್ತು.

ಆ ಎಕ್ಸ್‌ಜೆಡ್ ನೋಡ್ಕೋತಿದ್ದವನು ಫಿನ್ಲೆಂಡಿನ ಒಬ್ಬ ಮನಷ್ಯಾ, ಲಾಸ್ಸೆ ಕಾಲಿನ್ ಅಂತ. ಪಗಾರಿಲ್ಲದ, ವರ್ಷಗಟ್ಟಲೆ ಒಬ್ಬನ. ದಣದಿದ್ದ. "ತಡಾ ಯಾಕ ಮಾಡ್ತಿ, ಬ್ಯಾರೆಯವರಿಗೆ ಕೊಡು" ಅಂತ ಗುರುತಿಲ್ಲದವರು ಕಾಟಾ ಕೊಟ್ರು. ಅದ ಹೊತ್ತಿಗೆ ಜಿಯಾ ಟಾನ್ ಅನ್ನೂ ಹೆಸರಿನವ ಒಬ್ಬ ಭಾಳ ಸಭ್ಯ, ಎರಡು ವರ್ಷಕ್ಕೂ ಮ್ಯಾಲೆ ಕೈ ಹಚ್ಚಿ ಸಹಾಯ ಮಾಡಿ, ವಿಶ್ವಾಸ ಗಳಿಸಿ, ಮನೀ ಕೀಲಿಕೈ ತಗೊಂಡು, ಆಮ್ಯಾಲೆ ಇದನ್ನ ಹಾಕಿದ. ಅವಾ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಫ್ರಾಯ್ಂಡ್ ಮಾರ್ಚ್ 29ಕ್ಕ ಎಲ್ಲಾರಿಗೂ ತಿಳಿಸಿದ. ಆ ಹೊತ್ತಿಗೆ ಅದು ಹೆಚ್ಚಾಗಿ ಪರೀಕ್ಷಾಕ್ಕ ಇಟ್ಟ ಪ್ರತಿಗಳಿಗೆ ಅಷ್ಟ ಮುಟ್ಟಿತ್ತು, ಎಲ್ಲಾರೂ ಕಿತ್ತು ಹಳೇದನ್ನ ಹಾಕ್ಕೊಂಡ್ರು. ಎರಡು ತಿಂಗಳ ಮ್ಯಾಲೆ ಕಾಲಿನ್ ತಾನ ಕೂತು ಆ ಕಸಾ ಎಲ್ಲಾ ತಗದು, 5.6.2 ಅಂತ ಹೊಸಾ ಪ್ರತಿ ಬಿಟ್ಟ.